ಬ್ಯಾಂಕಿನವರು ಡಬ್ಬಿ ಒಡೆದು ನೋಡುವುದಿಲ್ಲ ಮಾರಾಯ್ರೆ

ಮಂಗಳೂರಲ್ಲಿ ಗೇರುಬೀಜದ ಫ್ಯಾಕ್ಟರಿಯವರು ಸಿಕ್ಕರೆ ಒಂದು ದೂರು ಖಾಯಂ. "ಮಾಲು ಒಂದನೇ ನಂಬರ್. ಪಣಂಬೂರಿನಿಂದ ಕಂಟೇನರ್ ಹೋಗಿಯೂ ಆಯ್ತು. ಬ್ಯಾಂಕಿನವರು ಯಾವುದೋ ಕಾಗದ ಹಿಡ್ಕೊಂಡು ಎಲ್‌ಸಿ ದುಡ್ಡು ನಿಲ್ಲಿಸಿದ್ದಾರೆ!"

ಎಲ್‌ಸಿ ಅಂದರೆ ಲೆಟರ್ ಆಫ್ ಕ್ರೆಡಿಟ್: ಕೇಳಿದ ಕಾಗದಪತ್ರ ಸರಿಯಾಗಿ ಕೊಟ್ಟರೆ ದುಡ್ಡು ಕೊಡುತ್ತೇವೆ ಅಂತ ಕೊಳ್ಳುವವನ ಬ್ಯಾಂಕು ಬರೆದುಕೊಡುವ ಭರವಸೆ. ನಾನೂ ಹೀಗೆ ಬೈದವನೇ. ಎಕ್ಸ್‌ಪೋರ್ಟ್ ಕಾಗದಪತ್ರದ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳೇ ಇನ್‌ವಾಯ್ಸ್ ಮೇಲೆಯೇ ಹೊಸದು ಟೈಪ್ ಮಾಡಿದ್ದೆ. ಎಲ್‌ಸಿಯಲ್ಲಿ ಇದ್ದದ್ದು ಡಬ್ಲ್ಯೂ 320 ಗ್ರೇಡ್, ಅಂದರೆ ಪೌಂಡಿಗೆ 300ರಿಂದ 320 ಬೀಜ. ನನ್ನ ಇನ್‌ವಾಯ್ಸ್‌ನಲ್ಲಿ ಉಳಿದದ್ದು ಹಳೇ 240 ಗ್ರೇಡ್. ಬ್ಯಾಂಕು ದುಡ್ಡು ನಿಲ್ಲಿಸಿತು. ಡಬ್ಬಿಯಲ್ಲಿ 320 ಸರಿಯಾಗಿಯೇ ಇತ್ತು. "ಬೇಕಾದ್ರೆ ಒಡೆದು ನೋಡ್ಲಿ" ಅಂದರು ಧಣಿಗಳು.

ನೋಡುವುದಿಲ್ಲ. ಎಲ್‌ಸಿ ವ್ಯವಹಾರಕ್ಕೆ ಇರುವ ಯುಸಿಪಿ 600 ಎಂಬ ನಿಯಮಾವಳಿಯ 5ನೇ ವಿಧಿ ಹೇಳುವುದೇ ಅದು: ಬ್ಯಾಂಕಿನ ವ್ಯವಹಾರ ಕಾಗದದ ಜೊತೆ, ಮಾಲಿನ ಜೊತೆ ಅಲ್ಲ. ಇದು ಯಾವ ಸರ್ಕಾರದ ಕಾನೂನೂ ಅಲ್ಲ. ಪ್ಯಾರಿಸ್‌ನ ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿ 1933ರಲ್ಲಿ ಶುರು ಮಾಡಿದ ನಿಯಮಗಳು. ಈಗಿನ 39 ವಿಧಿಗಳು 2007ರ ಜುಲೈ 1ರಿಂದ ಜಾರಿಯಲ್ಲಿವೆ. ಎಲ್‌ಸಿಯಲ್ಲೇ ಇದಕ್ಕೆ ಒಳಪಟ್ಟದ್ದು ಎಂದು ಬರೆದಿದ್ದರೆ ಎಲ್ಲರೂ ಬದ್ಧರು.

ಈಗ ನನಗೆ ಈ ನಿಯಮದ ಮೇಲೆ ಸಿಟ್ಟಿಲ್ಲ. ಬ್ಯಾಂಕು ಮಾಲು ನೋಡುವಂತಿದ್ದರೆ ಏನಾಗ್ತಿತ್ತು? ರೇಟು ಬಿದ್ದ ದಿನ ವಿದೇಶದ ಖರೀದಿ ಪಾರ್ಟಿ "ಬೀಜ ಮುಗ್ಗಲು" ಅಂತ ದುಡ್ಡು ತಡೆಯುತ್ತಿದ್ದ. ಈಗ ಕಾಗದ ಸರಿ ಇದ್ದರೆ ಹಾಗೆ ತಡೆಯಲು ಬರುವುದಿಲ್ಲ. ಬ್ಯಾಂಕಿಗೂ ಲಗಾಮು ಇದೆ: ಪರಿಶೀಲನೆಗೆ ಐದು ಬ್ಯಾಂಕ್ ದಿನ, ತಪ್ಪುಗಳನ್ನೆಲ್ಲ ಒಂದೇ ನೋಟಿಸಿನಲ್ಲಿ ಹೇಳಬೇಕು. ಇವತ್ತೊಂದು, ನಾಳೆಯೊಂದು ನಡೆಯುವುದಿಲ್ಲ. ಅರ್ಥ ಕೆಡದ ಸಣ್ಣ ಸ್ಪೆಲಿಂಗ್ ತಪ್ಪಿಗೆ ರಿಯಾಯಿತಿ ಉಂಟು. ಅಂಕಿ ಅದಲುಬದಲಾದರೆ ಮಾತ್ರ ಇಲ್ಲ.

ಹಾಂ, ನಾವು ಆಫ್ರಿಕಾದಿಂದ ಹಸಿಬೀಜ ತರಿಸುವಾಗ ಇದೇ ನಿಯಮ ನಮಗೇ ತಿರುಗಿ ಹೊಡೆಯುತ್ತದೆ. ಗೋಣಿಯಲ್ಲಿ ಕಸ ಬಂದರೂ ಕಾಗದ ಸರಿ ಇದ್ದರೆ ಬ್ಯಾಂಕು ದುಡ್ಡು ಕೊಟ್ಟೇ ಕೊಡುತ್ತದೆ. ಅದಕ್ಕೇ ಎಲ್‌ಸಿ ತೆರೆಯುವಾಗಲೇ ಮಾಲು ಪರೀಕ್ಷಿಸುವ ಹೊರಗಿನ ಸರ್ವೇಯರ್ ಸರ್ಟಿಫಿಕೇಟ್ ಕೇಳಿ ಬರೆಸಬೇಕು. ಆಮೇಲೆ ಅತ್ತರೆ ಏನು ಬಂತು?

ನನ್ನ ಸಿಟ್ಟು ನಮ್ಮವರ ಮೇಲೆಯೇ. ಎಲ್‌ಸಿ ಬಂದ ದಿನ ಓದುವುದಿಲ್ಲ, ಸುಮ್ನೆ ಫೈಲಿಗೆ ಹಾಕ್ತಾರೆ. ಆಗದ ಷರತ್ತಿದ್ದರೆ ಅಮೆಂಡ್‌ಮೆಂಟ್ (ತಿದ್ದುಪಡಿ) ಕೇಳಬೇಕಾದ್ದು ಆವತ್ತೇ, ಹಡಗು ಹೋದ ಮೇಲಲ್ಲ. ಎಲ್‌ಸಿಯಲ್ಲಿ ಬೇರೆ ಹೇಳದಿದ್ದರೆ, ಸರಕು ಹೋದ 21 ದಿನದೊಳಗೆ ಕಾಗದ ಬ್ಯಾಂಕಿಗೆ ಸೇರಬೇಕು. ಕಾಗದ ಸೇರುವಾಗ ಎಲ್‌ಸಿ ಅವಧಿಯೂ ಮುಗಿದಿರಬಾರದು.

ನಮ್ಮ 240ರ ಕೇಸಿನಲ್ಲಿ ಅವಧಿ ಬಾಕಿ ಇತ್ತು, ಪುಣ್ಯ. ಹೊಸ ಇನ್‌ವಾಯ್ಸ್ ಕೊಟ್ಟೆವು, ದುಡ್ಡು ಬಂತು. ಕಾಗದದ ತಪ್ಪಿಗೆ ಬ್ಯಾಂಕು ಹಿಡಿಯುವ ಡಿಸ್ಕ್ರೆಪೆನ್ಸಿ ಫೀ ಮಾತ್ರ ಹೋಯಿತು. ಧಣಿಗಳು ಅದನ್ನು ಇನ್ನೂ ಎತ್ತಿ ಆಡ್ತಾರೆ.