ಯಜಮಾನರ ಜೀವದಯೆ

ನಮ್ಮ ಮನೆಗೆ ಪೆಟ್ಟು ಬಿದ್ದ ಪ್ರಾಣಿ ಬರುವುದು ಕಡಿಮೆ. ಚೆನ್ನಾಗಿರುವ ಪ್ರಾಣಿಯೇ ಬಂದು, ನಮ್ಮ ಯಜಮಾನರ ಕಣ್ಣಿಗೆ ಬಿದ್ದು, ಆಮೇಲೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತದೆ. ಒಂದು ಶೂ ಡಬ್ಬ, ಹಳೇ ಬನಿಯನ್ನು, ಇಂಕ್ ಫಿಲ್ಲರು ಅವರ ಹತ್ತಿರ ಸದಾ ಸಿದ್ಧ.

ಅಳಿಲು ಮರಿ ಬಿದ್ದಾಗ ಬನಿಯನ್ನಿನಲ್ಲಿ ಸುತ್ತಿ, ಡಬ್ಬವನ್ನು ಕಾಂಪೌಂಡ್ ಮೇಲಿಟ್ಟು, ಕಿಟಕಿ ಹಿಂದೆ ಕೂತು ಕಾದರು. ತಾಯಿ ಬಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಯಿತು. ಅಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಮತ್ತೆ ಬಂತು. ಬನಿಯನ್ನಿನ ದಾರ ಕಿತ್ತು, ಮುಂಗಾಲಲ್ಲಿ ಉಂಡೆ ಕಟ್ಟಿ, ಬಾಯಿಗೆ ತುರುಕಿಕೊಂಡು ಹೋಯಿತು. ಸಂಜೆತನಕ ಇದೇ ಕೆಲಸ. ಈಗ ಬಚ್ಚಲ ಎಕ್ಸಾಸ್ಟ್ ಫ್ಯಾನಿನ ಕಿಂಡಿಯಲ್ಲಿ ಬನಿಯನ್ನಿನ ಗೂಡಿದೆ. ಫ್ಯಾನ್ ಹಾಕುವ ಹಾಗಿಲ್ಲ.

ಮೇ ತಿಂಗಳಲ್ಲಿ ಬಂದದ್ದು ಕಾಗೆ ಮರಿ. ನಮ್ಮ ಗೇಟಿನ ಮುಂದಿನ ಹೊಂಗೆಮರದ ಕೆಳಗೆ ಪುಕ್ಕ ಕೆದರಿಕೊಂಡು ಕೂತಿತ್ತು. ಇವರು ಟವೆಲ್ ಹಾಕಿ ಎತ್ತಿದ್ದೇ ತಡ, ಮರದಿಂದ ದೊಡ್ಡ ಕಾಗೆ ಇಳಿದು ಬುರುಡೆಗೆ ಟಪ್ ಅಂತ ಕುಕ್ಕಿತು. ತಡೆಯೋಣ ಅಂದರೆ ಅಲ್ಲಿ ಕೂದಲೂ ಇಲ್ಲ, ಪಾಪ.

ಅತ್ತೆ ಒಳಗಿಂದ ಓಡಿ ಬಂದರು. "ಅಯ್ಯೋ, ಕಾಗೆ ತಲೆ ಮುಟ್ಟಬಾರದು ಕಣೋ! ಮೊದಲು ಸ್ನಾನ ಮಾಡು. ಶನಿವಾರ ಎಳ್ಳೆಣ್ಣೆ ದೀಪ ಹಚ್ಚು."

ಸ್ನಾನ ಮಾಡಿ ಬಂದವರು ಮರಿಗೆ ಹಾಲು ಕುಡಿಸಲು ಫಿಲ್ಲರ್ ತೆಗೆದರು. ಅಷ್ಟರಲ್ಲಿ ನಾನು ಹಕ್ಕಿಗಳ ವಿಷಯ ಬಲ್ಲ ಪರಿಚಯದವರೊಬ್ಬರಿಗೆ ಫೋಟೋ ಕಳಿಸಿ ಫೋನ್ ಮಾಡಿದ್ದೆ. ಆ ಕಡೆಯಿಂದ ಬರೀ ಬೈಗುಳ. ಹಕ್ಕಿಗೆ ಹಾಲು ಜೀರ್ಣವಾಗುವುದಿಲ್ಲ. ಬಾಯಿಗೆ ಹನಿ ಬಿಟ್ಟರೆ ಶ್ವಾಸಕ್ಕೆ ಹೋಗಿ ಸತ್ತೇ ಹೋಗಬಹುದು. ಹಾರಲು ಕಲಿಯುವ ಮರಿ ನೆಲಕ್ಕೆ ಬೀಳುವುದು ಮಾಮೂಲು, ಪೆಟ್ಟಾಗಿಲ್ಲದಿದ್ದರೆ ಹತ್ತಿರದ ಕೊಂಬೆಗೆ ಬಿಡಿ. ಮನುಷ್ಯ ಮುಟ್ಟಿದ ಅಂತ ತಾಯಿ ಮರಿಯನ್ನು ಬಿಟ್ಟುಬಿಡುವುದಿಲ್ಲ. ಸಾಕುವ ಆಸೆ ಇದ್ದರೆ 1972ರ ವನ್ಯಜೀವಿ ಕಾಯ್ದೆ ನೆನಪಿರಲಿ. "ಅಂದ ಹಾಗೆ, ಅದು ಕಾಗೆ ಅಲ್ಲ, ಗಂಡು ಕೋಗಿಲೆ ಮರಿ!"

"ಕೋಗಿಲೆನಾ?" ಅತ್ತೆಗೆ ಆಶ್ಚರ್ಯ. "ಮತ್ತೆ ಕಾಗೆ ಯಾಕೆ ಕುಕ್ಕಿತು?"

"ತನ್ನ ಮರಿ ಅಂದುಕೊಂಡಿದೆ ಅಮ್ಮ. ಅದಕ್ಕೆ ಗೊತ್ತಿಲ್ಲ."

"ಯಾರಾದರೂ ಹೇಳಬಾರದಾ?"

ಗಂಡು ಕೋಗಿಲೆ ಕಾಗೆಯನ್ನು ಕೆಣಕಿ ಅಟ್ಟಿಸಿಕೊಂಡು ಹೋಗುತ್ತದಂತೆ. ಆ ಸಂದಿಯಲ್ಲಿ ಹೆಣ್ಣು ಬಂದು ಕಾಗೆ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದಂತೆ. ಮೋಸವೇ, ಆದರೆ ಗಂಡಸು ಸಂಸಾರದ ಒಂದು ಕೆಲಸಕ್ಕಾದರೂ ಕೈಜೋಡಿಸುತ್ತಾನಲ್ಲ ಅಂತ ನನಗನ್ನಿಸಿತು. ಹೇಳಲು ಅದು ಸಮಯ ಅಲ್ಲ. ಯಜಮಾನರು ಹೆಲ್ಮೆಟ್ ಹಾಕಿ ಏಣಿ ಹತ್ತುತ್ತಿದ್ದರು. ಕೆಳಗೆ ಅತ್ತೆ ಏಣಿ ಹಿಡಿದು, ಇನ್ನೊಂದು ಕೈಯಲ್ಲಿ ಕೊಡೆ ಬೀಸುತ್ತಿದ್ದರು. ಹೆಚ್ಚಿನ ಪೆಟ್ಟೆಲ್ಲ ಕೊಡೆಯದೇ.

ಮರಿ ಕೊಂಬೆ ಸೇರಿತು. ಕಾಗೆ ಬಂದು ಅದರ ಬಾಯಿಗೆ ಎಲ್ಲಿಂದಲೋ ತಂದ ಇಡ್ಲಿ ತುಂಡು ಇಟ್ಟಿತು. ಕೆಲ ದಿನಕ್ಕೆ ಮರಿ ಹಾರಿಹೋಯಿತು. ಕಾಗೆ ಹೋಗಲಿಲ್ಲ.

ಇವರು ಗೇಟು ತೆಗೆದರೆ ಸಾಕು, ಬೀದಿಯ ಕಾಗೆಗಳೆಲ್ಲ ಸೇರಿ ಗಲಾಟೆ. ಹಾಲಿನವನಿಗೆ ಏನೂ ಇಲ್ಲ, ನನಗೂ ಇಲ್ಲ. ಮಗಳು ಮೊಬೈಲಿನಲ್ಲಿ ಹುಡುಕಿ ಓದಿದಳು. 2006ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಸಂಶೋಧಕರು ಗುಹಾಮಾನವನ ಮುಖವಾಡ ಹಾಕಿಕೊಂಡು ಕಾಗೆ ಹಿಡಿದು ಬಿಟ್ಟಿದ್ದರಂತೆ. ವರ್ಷಗಟ್ಟಲೆ ಆದರೂ ಆ ಮುಖವಾಡ ಕಂಡರೆ ಕಾಗೆಗಳು ಹಿಂಡುಕಟ್ಟಿ ಬೈಯುತ್ತಿದ್ದವಂತೆ. ಅವರೇನೋ ಮುಖವಾಡ ಕಳಚಿಟ್ಟು ಮನೆಗೆ ಹೋದರು. ನಮ್ಮವರು ಹಾಕಿಕೊಂಡು ಹೋಗಿದ್ದು ಸ್ವಂತ ಮುಖ. ಮಂಕಿ ಕ್ಯಾಪ್ ಪ್ರಯೋಗವೂ ಆಯಿತು. ಮೈಸೂರಿನ ಮೇ ತಿಂಗಳಿಗೆ ಬೆವರು ಹರಿದದ್ದು ಬಿಟ್ಟರೆ ಏನೂ ಉಪಯೋಗವಾಗಲಿಲ್ಲ.

ಮಹಾಲಯ ಪಕ್ಷದಲ್ಲಿ ಮಾವನವರ ಶ್ರಾದ್ಧ. ಪ್ರತಿವರ್ಷ ತಾರಸಿಯ ಮೇಲೆ ಪಿಂಡ ಇಟ್ಟು, "ಕಾ ಕಾ" ಅಂತ ಗಂಟಲು ಹರಿದುಕೊಂಡರೂ ಒಂದು ಕಾಗೆ ಬರುತ್ತಿರಲಿಲ್ಲ. ಯಾವ ಆಸೆ ಉಳಿದಿತ್ತೋ ಏನೋ ಅಂತ ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ಈ ಸಲ ಯಜಮಾನರು ಎಲೆ ಹಿಡಿದು ತಾರಸಿ ಬಾಗಿಲು ದಾಟಿದ್ದೇ ತಡ, ಇಡೀ ಹೊಂಗೆಮರವೇ ಎದ್ದು ಬಂದ ಹಾಗೆ ಕಾಗೆಗಳು ಬಂದವು. ಇವರು ಎಲೆಯನ್ನು ಅಲ್ಲೇ ಬಿಟ್ಟು ಒಳಗೆ ಓಡಿದರು.

ಪುರೋಹಿತರು ಬೆರಗಾದರು. "ಎಷ್ಟು ಮನೆ ನೋಡಿದ್ದೀನಮ್ಮ, ಇಂಥ ತೃಪ್ತಿ ಎಲ್ಲೂ ನೋಡಿಲ್ಲ. ನಿಮ್ಮ ಯಜಮಾನರಿಗೆ ಮಗನ ಮೇಲೆ ಬಹಳ ಪ್ರೀತಿ!"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗ ಬಾಗಿಲ ಹಿಂದೆ, ಪಂಚೆಯ ಮೇಲೆ ಹೆಲ್ಮೆಟ್ ಹಾಕಿಕೊಂಡು, ಭಕ್ತಿಯಿಂದ ಕೈಮುಗಿದರು.