ಬರೋಕೊಂದು, ಹೋಗೋಕೊಂದು

ನಮ್ಮ ಮನೆಯಲ್ಲಿ ವೈರು ಎಸೆಯುವ ಪದ್ಧತಿಯಿಲ್ಲ. ಕೆಟ್ಟ ಟೇಪ್ ರೆಕಾರ್ಡರ್, ತಿರುಗದ ಟೇಬಲ್ ಫ್ಯಾನ್, ಹಳೇ ಸೀರಿಯಲ್ ಸೆಟ್ಟು, ಎಲ್ಲದರ ಕರುಳೂ ಮಾವನವರ ಬಿಸ್ಕತ್ ಡಬ್ಬದಲ್ಲಿದೆ. ಒಂದನ್ನು ಎಳೆದರೆ ಉಳಿದವೂ ಜೊತೆಗೇ ಬರುತ್ತವೆ. "ಯಾವತ್ತಾದರೂ ಬೇಕಾಗುತ್ತೆ" ಎನ್ನುವುದು ಅವರ ವಾದ.

ಇಸ್ತ್ರಿ ಪೆಟ್ಟಿಗೆಯ ವೈರು ಹಿಡಿಯ ಹತ್ತಿರ ತುಂಡಾಯಿತು. ಅದು ಯಾವಾಗಲೂ ಅಲ್ಲೇ ತುಂಡಾಗುವುದು. ಎಳೆದಾಡುವಾಗ ಮಡಚಿಕೊಳ್ಳುವುದು ಅಲ್ಲೇ ಅಲ್ವಾ? ಮಾವ ಡಬ್ಬಕ್ಕೆ ಕೈ ಹಾಕಿ ಟೇಪ್ ರೆಕಾರ್ಡರಿನ ಸ್ಪೀಕರ್ ವೈರು ತೆಗೆದರು. ತೀರಾ ತೆಳು, ಎರಡೇ ಎಳೆ.

"ಹಳೇದರಲ್ಲಿ ಮೂರು ಇತ್ತಲ್ಲ ಮಾವ?" ಅಂದೆ.

"ಹಸಿರು ಸುಮ್ನೆ ಕೊಟ್ಟಿರ್ತಾರಮ್ಮ. ಕರೆಂಟು ಬರೋಕೊಂದು, ಹೋಗೋಕೊಂದು. ಸಾಕು."

ಅತ್ತೆ ಇಳಕಲ್ ಸೀರೆ ಹಾಸಿದರು. ಪೆಟ್ಟಿಗೆಯ ಜೊತೆ ವೈರೂ ಕಾಯತೊಡಗಿತು. "ಬಿಸಿ ಆಗ್ತಿದೆ ಅಂದ್ರೆ ಕೆಲಸ ಮಾಡ್ತಿದೆ ಅಂತ" ಎಂದರು ಮಾವ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದಾಗ, ಪಕ್ಕದ ಮನೆಯವರು ಕಸ ಸುಡುತ್ತಿದ್ದಾರೆ ಎಂದರು. ಅಷ್ಟರಲ್ಲಿ ಮೆತ್ತಗಾದ ವೈರು ಪೆಟ್ಟಿಗೆಯ ತಳಕ್ಕೆ ತಾಗಿ, ಎಳೆಗಳೆರಡೂ ಒಂದನ್ನೊಂದು ಮುಟ್ಟಿ, ಢಬ್! ಮೇನ್ ಬೋರ್ಡಿನ ಎಂಸಿಬಿ ಸ್ವಿಚ್ಚು ಬಿತ್ತು. ಮಾವ ಕತ್ತಲಲ್ಲೇ ಗೇಟಿಗೆ ಓಡಿದರು, ಪಕ್ಕದ ಮನೆಯಲ್ಲೂ ಕರೆಂಟು ಹೋಗಿದೆಯಾ ನೋಡಲು. ಹೋಗಿರಲಿಲ್ಲ. ಜಾಸ್ತಿ ಬೇಜಾರಾಗಿದ್ದು ಅದಕ್ಕೇ.

"ಹೋಗೋಕೊಂದು ಅಂದ್ರಲ್ಲ, ಹೋಯ್ತು ನೋಡಿ" ಎಂದರು ಅತ್ತೆ.

ಎಲೆಕ್ಟ್ರಿಕಲ್ ಅಂಗಡಿಯವನು ಮೊದಲು ಕೇಳಿದ್ದೇ "ಎಷ್ಟು ವ್ಯಾಟ್?"

"ಇಸ್ತ್ರಿ ಪೆಟ್ಟಿಗೆ" ಎಂದರು ಮಾವ.

"ಸಾವಿರ ವ್ಯಾಟ್ ಇಟ್ಕೊಳ್ಳಿ. 230 ವೋಲ್ಟಿನಿಂದ ಭಾಗಿಸಿದ್ರೆ ನಾಲ್ಕು ಚಿಲ್ಲರೆ ಆಂಪ್. ವೈರು 0.75 ಸ್ಕ್ವೇರ್ ಎಂಎಂ ದಪ್ಪ ಇದ್ರೆ ಸಾಕು. ಆದರೆ ಮೂರು ಕೋರು, ಮೇಲೆ ಬಟ್ಟೆ ಹೊದಿಕೆ ಇರೋದೇ ಬೇಕು. ಬರೀ ಪಿವಿಸಿ ಆದ್ರೆ ಬಿಸಿ ಪೆಟ್ಟಿಗೆ ತಾಗಿ ಕರಗುತ್ತೆ."

"ಆ ಹಸಿರು..."

"ಅರ್ಥಿಂಗು ಸಾರ್. ಒಳಗೆ ಲೀಕಾಗಿ ಕರೆಂಟು ಪೆಟ್ಟಿಗೆ ಮೈಗೆ ಬಂದ್ರೆ ನೆಲಕ್ಕೆ ಹೋಗೋ ದಾರಿ. ಅದಿಲ್ದಿದ್ರೆ ಇಸ್ತ್ರಿ ಮಾಡೋರ ಮೂಲಕ ಹೋಗುತ್ತೆ."

ಮಾವ ಅತ್ತೆಯ ಕಡೆ ನೋಡಲಿಲ್ಲ. "ಹಾಗಾದ್ರೆ ನಾಲ್ಕು ಸ್ಕ್ವೇರ್ ಎಂಎಂ ಕೊಟ್ಬಿಡಿ, ಗಟ್ಟಿ ಇರ್ಲಿ."

"ಅದು ಎಸಿ ಲೈನಿಗೆ ಎಳೆಯೋದು ಸಾರ್. ಅದನ್ನ ಕಟ್ಕೊಂಡು ಇಸ್ತ್ರಿ ಮಾಡೋಕೆ ಇಬ್ಬರು ಬೇಕು."

ಪೆಟ್ಟಿಗೆ ಸರಿಯಾಯಿತು. ಮಾವನವರದು ಬೇರೆ ಕಾಯಿಲೆ ಶುರುವಾಯಿತು. ನೆಂಟರ ಮನೆಗೆ ಹೋದರೆ ಮಿಕ್ಸಿಯನ್ನು ಬೋರಲು ಹಾಕಿ ವ್ಯಾಟ್ ಓದುತ್ತಾರೆ. ಗೀಸರ್ ಕಂಡರೆ, 2000 ವ್ಯಾಟು, ಒಂಬತ್ತು ಆಂಪ್ ಹತ್ತಿರ, 16 ಆಂಪ್ ಪ್ಲಗ್ಗೇ ಬೇಕು ಎನ್ನುತ್ತಾರೆ. ಮೊನ್ನೆ ಮದುವೆ ಊಟದ ಪಂಕ್ತಿಯಲ್ಲಿ ಎದುರಿಗೇ ದೊಡ್ಡ ಹ್ಯಾಲೋಜನ್ ದೀಪ. ಅದರ ವೈರಿಗೆ ಪ್ಲಗ್ಗೇ ಇಲ್ಲ. ತುದಿ ಸುಲಿದು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿದ್ದರು. ಮಾವ ಎಲೆ ಬಿಟ್ಟು ಅರ್ಧ ಎದ್ದು, ಬಡಿಸಲು ಬಂದ ಹುಡುಗನನ್ನು ತಡೆದು ಗಂಭೀರವಾಗಿ ಕೇಳಿದರು: "ಇದು ಎಷ್ಟು ವ್ಯಾಟ್?"

ಹುಡುಗ ಕೈಯಲ್ಲಿದ್ದ ಬಕೆಟ್ಟು ನೋಡಿಕೊಂಡ. "ಶಾವಿಗೆ ಪಾಯಸ ಸಾರ್. ಹಾಕ್ಲಾ?"