‘ಟ್ಯಾಪ್ಸ್’ ಕಹಳೆ ಸತ್ತ ಮಗನ ಜೇಬಿನಲ್ಲಿ ಸಿಕ್ಕಿದ್ದಲ್ಲ

ಅಮೆರಿಕದ ಸೈನಿಕರ ಅಂತ್ಯಕ್ರಿಯೆಯಲ್ಲಿ ಊದುವ ‘ಟ್ಯಾಪ್ಸ್’ ಎಂಬ ಕಹಳೆ ರಾಗದ ಬಗ್ಗೆ ಒಂದು ಕಥೆ ವರ್ಷಗಳಿಂದ ಫಾರ್ವರ್ಡ್ ಆಗುತ್ತಲೇ ಇದೆ. 1862, ಅಂತರ್ಯುದ್ಧದ ಕಾಲ. ಉತ್ತರದ ಸೇನೆಯ ಕ್ಯಾಪ್ಟನ್ ರಾಬರ್ಟ್ ಎಲಿಕೋಂಬ್ ಕತ್ತಲಲ್ಲಿ ಗಾಯಾಳುವೊಬ್ಬನನ್ನು ಎಳೆದು ತಂದನಂತೆ. ದೀಪ ಹಿಡಿದು ನೋಡಿದರೆ ಶತ್ರು ಪಾಳಯದ ಸೈನಿಕ, ಅದೂ ತನ್ನದೇ ಮಗ! ಹುಡುಗ ಸತ್ತಿದ್ದ; ಅವನ ಜೇಬಿನಲ್ಲಿ ಸಿಕ್ಕ ಸ್ವರಗಳನ್ನೇ ಅವನ ಅಂತ್ಯಕ್ರಿಯೆಯಲ್ಲಿ ಊದಿಸಿದರಂತೆ.

ಕಣ್ಣೀರು ಬರಿಸುವ ಕಥೆ, ನಿಜ. ಆದರೆ ಆ ಹೆಸರಿನ ಕ್ಯಾಪ್ಟನ್ ಸೇನೆಯಲ್ಲಿದ್ದ ಎನ್ನುವುದಕ್ಕೆ ದಾಖಲೆಯೇ ಸಿಕ್ಕಿಲ್ಲ.

ನಡೆದದ್ದು ಹೀಗೆ. 1862ರ ಜುಲೈ, ವರ್ಜೀನಿಯಾದ ಹ್ಯಾರಿಸನ್ಸ್ ಲ್ಯಾಂಡಿಂಗ್ ಶಿಬಿರ. ರಾತ್ರಿ ದೀಪ ಆರಿಸಲು ಊದುತ್ತಿದ್ದ ಕಹಳೆ ಜನರಲ್ ಡೇನಿಯಲ್ ಬಟರ್‌ಫೀಲ್ಡ್‌ಗೆ ಅಷ್ಟೇನೂ ಹಿಡಿಸಿರಲಿಲ್ಲ. ಕಹಳೆಗಾರ ಆಲಿವರ್ ನಾರ್ಟನ್‌ನನ್ನು ಕರೆಸಿದರು. ಲಕೋಟೆಯೊಂದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಚಿದ್ದ ಸ್ವರಗಳನ್ನು ತೋರಿಸಿ, ಊದಿಸಿ ಕೇಳಿದರು. ಕೆಲವನ್ನು ಎಳೆದರು, ಕೆಲವನ್ನು ಮೊಟಕು ಮಾಡಿದರು. ಮರುದಿನವೇ ಅಕ್ಕಪಕ್ಕದ ಬ್ರಿಗೇಡ್‌ಗಳ ಕಹಳೆಗಾರರು ಪ್ರತಿ ಕೇಳಿಕೊಂಡು ಬಂದರು. ಇದನ್ನೆಲ್ಲ ನಾರ್ಟನ್ 1898ರಲ್ಲಿ ಸ್ವತಃ ಬರೆದಿದ್ದಾರೆ. ಹಾಗಂತ ಜನರಲ್ ಸುಮ್ನೆ ಶೂನ್ಯದಿಂದ ಹುಟ್ಟಿಸಿದ್ದೂ ಅಲ್ಲ. ರಾತ್ರಿ ಸೈನಿಕರನ್ನು ಬಿಡಾರಕ್ಕೆ ಕರೆಯಲು ಊದುತ್ತಿದ್ದ ಹಳೆಯ ‘ಟ್ಯಾಟೂ’ ಕಹಳೆಯ ಕೊನೆಯ ಭಾಗವನ್ನೇ ತಿದ್ದಿದ್ದು ಎನ್ನುತ್ತಾರೆ ಸಂಶೋಧಕರು. ಒಟ್ಟು 24 ಸ್ವರ, ಅಷ್ಟೇ.

ಅಂತ್ಯಕ್ರಿಯೆಗೆ ಅದು ಬಂದದ್ದೂ 1862ರಲ್ಲೇ. ಕ್ಯಾಪ್ಟನ್ ಜಾನ್ ಟಿಡ್‌ಬಾಲ್ ಅವರ ತೋಪಿನ ಪಡೆಯವನೊಬ್ಬ ಸತ್ತಿದ್ದ. ಶತ್ರು ಹತ್ತಿರದಲ್ಲೇ ಇದ್ದ. ವಾಡಿಕೆಯಂತೆ ಮೂರು ಸುತ್ತು ಗುಂಡು ಹಾರಿಸಿದರೆ ಮತ್ತೆ ಕಾಳಗ ಶುರುವಾಗಬಹುದಿತ್ತು, ಅಲ್ವಾ? ಅದಕ್ಕೇ ಕಹಳೆ ಊದಿಸಿದರು. 1891ರಲ್ಲಿ ಅದು ನಿಯಮದ ಪುಸ್ತಕಕ್ಕೂ ಸೇರಿತು.

ಅಂದಹಾಗೆ, ನಮ್ಮ ಯೋಧರ ಅಂತ್ಯಕ್ರಿಯೆಯಲ್ಲಿ ಊದುವುದು ಇದನ್ನಲ್ಲ, ಬ್ರಿಟಿಷರಿಂದ ಬಂದ ‘ಲಾಸ್ಟ್ ಪೋಸ್ಟ್’.